ಎರಡು ಬೀಗ

ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಬೀಗ ಬಿದ್ದ ಮನೆಗಳು ಸಾಲಾಗಿ ಸಿಗುತ್ತವೆ. ಮಳೆ ನಂಬಿಕೊಂಡ ಮಸಾರಿ ಹೊಲದ ಸಜ್ಜೆ, ತೊಗರಿ ಮನೆಗೆ ಬಂದದ್ದೇ ಗಂಡ ಹೆಂಡತಿ ಕೈಗೂಸು ಕಟ್ಟಿಕೊಂಡು ಗುಳೆ ಹೋಗಿರುತ್ತಾರೆ. ಬೆಂಗಳೂರು, ಮಂಗಳೂರು, ಗೋವಾ, ಎಲ್ಲಿ ಕಟ್ಟಡದ ಕೆಲಸ ನಡೆದಿದೆಯೋ ಅಲ್ಲಿಗೆ. ಊರಲ್ಲಿ ಉಳಿದವರು ಮುದುಕರು ಮತ್ತು ಅವರ ಸುಪರ್ದಿಗೆ ಬಿಟ್ಟ ಮಕ್ಕಳು. ಬೀಗದ ಕೈ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇರುತ್ತದೆ. ಉಗಾದಿಗೋ, ಅಲಾಯಿ ಹಬ್ಬಕ್ಕೋ, ಊರ ಜಾತ್ರೆಗೋ ಬಾಗಿಲು ತೆರೆಯುತ್ತದೆ.

ಇದೇ ಕೊಪ್ಪಳ ಜಿಲ್ಲೆಯ ಇನ್ನೊಂದು ಮೂಲೆ ಗಂಗಾವತಿ ತಾಲ್ಲೂಕು. ಆನೆಗೊಂದಿಯಿಂದ ಸಾಣಾಪುರದ ತನಕ ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಭತ್ತದ ಗದ್ದೆ. ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿ ಸುತ್ತಿದವರಿಗೆ ಸಂಜೆಯ ಹೊತ್ತಿಗೆ ಒಂದು ಯೋಚನೆ ಬಾರದೆ ಇರುವುದಿಲ್ಲ: ಇಲ್ಲೇ ದಂಡೆಯ ಮೇಲೆ ನಮ್ಮದೂ ಒಂದು ಸಣ್ಣ ಮನೆ ಇದ್ದಿದ್ದರೆ! ಮರದ್ದಾದರೆ ಇನ್ನೂ ಚೆಂದ. ವರ್ಷಕ್ಕೆ ನಾಲ್ಕು ಸಲ ಬಂದು ಇದ್ದು ಹೋಗಬಹುದಿತ್ತು. ಉಳಿದ ದಿನ? ಬೀಗ.

ಈ ಎರಡು ಬೀಗಗಳ ನಡುವಿನ ಸಂಬಂಧವೇನು ಎಂಬುದೇ ಈ ಬರಹದ ಪ್ರಶ್ನೆ. ಪ್ರಶ್ನೆಯನ್ನು ನೇರವಾಗಿ ಕೇಳಿದರೆ ಹೀಗೆ: ನೀರಿನ ಅಂಚಿನಲ್ಲಿ ರಜೆಗೆಂದು ಮನೆ ಕಟ್ಟಿಕೊಳ್ಳುವುದರಲ್ಲಿ ತಪ್ಪೇನಾದರೂ ಇದೆಯೇ?

ಮೊದಲು ಆ ಆಸೆಯ ಪರವಾಗಿ ಮಾತಾಡಬೇಕು. ದಣಿದವರು ನೀರಿನ ಹತ್ತಿರ ಹೋಗಿ ಕೂರಬೇಕೆನ್ನುವುದು ಐಷಾರಾಮವಲ್ಲ. ಹೊಲದಲ್ಲಿ ಕಳೆ ತೆಗೆದವರೂ ಮಧ್ಯಾಹ್ನ ಬುತ್ತಿ ಬಿಚ್ಚುವುದು ಹಳ್ಳದ ದಂಡೆಯಲ್ಲೇ. ನಗರದಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕುವವರು ಆಕಾಶ ಕಾಣುವ ಜಾಗ ಬಯಸಿದರೆ ಅವರನ್ನು ಹಂಗಿಸುವುದು ಸಣ್ಣತನ. ಫಿನ್ಲೆಂಡಿನಂಥ ದೇಶದಲ್ಲಿ ಜನಸಂಖ್ಯೆ ಸುಮಾರು 55 ಲಕ್ಷ. ಅಲ್ಲಿ ಸುಮಾರು 5 ಲಕ್ಷ ಬೇಸಿಗೆ ಮನೆಗಳಿವೆ, ಅವುಗಳಲ್ಲಿ ಬಹಳಷ್ಟು ಮರದವು, ನೀರಿನ ಹತ್ತಿರದವು. ಅದನ್ನು ಯಾರೂ ಪಾಪವೆಂದು ಎಣಿಸುವುದಿಲ್ಲ. ಆದರೆ ಅದೇ ದೇಶದಲ್ಲಿ ಇನ್ನೊಂದು ಹಳೆಯ ರೂಢಿಯೂ ಇದೆ. ಬೇರೆಯವರ ಕಾಡಿನಲ್ಲಿ ನಡೆಯುವ, ಹಣ್ಣು ಅಣಬೆ ಆಯುವ, ನೀರಿನಲ್ಲಿ ದೋಣಿ ಬಿಡುವ ಹಕ್ಕು ಎಲ್ಲರಿಗೂ ಉಂಟು. ಅಂಗಳದ ಏಕಾಂತವನ್ನಷ್ಟೇ ಕೆಡಿಸಬಾರದು. ಮನೆ ಒಬ್ಬರದಾದರೂ ಕೆರೆ ಅವರೊಬ್ಬರದೇ ಆಗಿಬಿಡುವುದಿಲ್ಲ.

ಇಲ್ಲಿಂದ ಪ್ರಶ್ನೆ ಸ್ವಲ್ಪ ಸ್ಪಷ್ಟವಾಗುತ್ತದೆ. ಕೆರೆ ನೋಡಲು ಮನೆ ಬೇಡ. ಬಸ್ಸಿನಲ್ಲಿ ಬಂದು, ಯಾರದೋ ಜಗಲಿಯಲ್ಲಿ ಮಲಗಿ, ಬೆಳಿಗ್ಗೆ ನೋಡಿಕೊಂಡು ಹೋಗಬಹುದು. ಹಾಗಿದ್ದರೆ ಸ್ವಂತ ಮನೆ ಹೆಚ್ಚಿಗೆ ಕೊಡುವುದೇನು? ಎರಡನ್ನು ಕೊಡುತ್ತದೆ. ನಾವು ಇದ್ದಾಗ ಬೇರೆಯವರನ್ನು ಹೊರಗಿಡುವ ಹಕ್ಕು. ನಾವು ಇಲ್ಲದಾಗಲೂ ಆ ಜಾಗ ನಮ್ಮದಾಗಿಯೇ ಉಳಿಯುವ ಹಕ್ಕು. ಅತಿಥಿ ತಾನು ಇದ್ದಷ್ಟು ಹೊತ್ತು ಮಾತ್ರ ಜಾಗವನ್ನು ತುಂಬುತ್ತಾನೆ. ಒಡೆಯ ಇಲ್ಲದಿರುವಾಗಲೂ ತುಂಬಿಕೊಂಡಿರುತ್ತಾನೆ. ರಜೆಯ ಮನೆಯ ನೈತಿಕ ಭಾರವೆಲ್ಲ ಇರುವುದು ಆ ನಾಲ್ಕು ಭೇಟಿಗಳಲ್ಲಲ್ಲ, ಅವುಗಳ ನಡುವಿನ ಖಾಲಿ ತಿಂಗಳುಗಳಲ್ಲಿ.

ಇದು ಬರೀ ತರ್ಕದ ಮಾತಲ್ಲ ಎನ್ನುವುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಹಂಪಿಯ ಎದುರು ದಂಡೆಗೆ, ಗಂಗಾವತಿ ತಾಲ್ಲೂಕಿಗೆ ಸೇರಿದ ವಿರುಪಾಪುರ ಗಡ್ಡಿ. ಗದ್ದೆಗಳ ನಡುವೆ ಬಿದಿರು, ಹುಲ್ಲು, ಮಣ್ಣಿನ ಗುಡಿಸಲುಗಳು ಎದ್ದು, ಅವು ರೆಸಾರ್ಟುಗಳಾಗಿ, ದೇಶ ವಿದೇಶದ ಜನ ತಿಂಗಳುಗಟ್ಟಲೆ ಬಂದು ತಂಗುವ ಜಾಗವಾಯಿತು. ಆದರೆ ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. 1988ರ ಸರ್ಕಾರಿ ಅಧಿಸೂಚನೆ ಸುತ್ತಲಿನ ಪ್ರದೇಶಕ್ಕೆ ರಕ್ಷಣೆ ಕೊಟ್ಟಿತ್ತು. 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂತು. ಈ ಕಟ್ಟಡಗಳು ಕಾನೂನಿಗೆ ವಿರುದ್ಧ ಎಂದು ಹೈಕೋರ್ಟ್ 2015ರಲ್ಲಿ ಹೇಳಿತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ರಕ್ಷಣೆ ಇರುವುದು ಬಿಡಿಬಿಡಿ ಸ್ಮಾರಕಗಳಿಗಷ್ಟೇ ಅಲ್ಲ, ಇಡೀ ಪ್ರದೇಶಕ್ಕೆ ಎಂಬುದು ಅದರ ತಿರುಳು. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದು ಕೆಡವಿದವು.

ಈ ಕಥೆಯಲ್ಲಿ ಯಾರ ಪಕ್ಷ ಹಿಡಿಯಬೇಕು? ಸುಲಭದ ಉತ್ತರ ಇಲ್ಲ. ಗಡ್ಡಿಯ ಮಾತು ಬಂದಾಗ ಹೊಲದವರ ಪರವಾಗಿ ಒಂದು ವಾದವನ್ನು ಕಟ್ಟಬಹುದು: ಹೊಲ ನಮ್ಮದು, ಗುಡಿಸಲು ನಮ್ಮದು, ಭತ್ತ ಬೆಳೆದು ಸಾಲ ತೀರದು, ನಾಲ್ಕು ಜನ ಬಂದು ಉಳಿದರೆ ಮಕ್ಕಳ ಓದು ಸಾಗುತ್ತದೆ, ಕಲ್ಲಿಗಿರುವ ಬೆಲೆ ನಮಗಿಲ್ಲವೇ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪರಂಪರೆ ಉಳಿಸುವ ಖರ್ಚನ್ನೆಲ್ಲ ಅದರ ಪಕ್ಕದಲ್ಲಿ ಹುಟ್ಟಿದ ಬಡವರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಗಡ್ಡಿಯಲ್ಲಿ ಬಾಡಿಗೆಗೆ ಕೊಟ್ಟದ್ದು ಏನನ್ನು? ಹಾಸಿಗೆ, ಊಟ ಎಲ್ಲ ಊರಲ್ಲೂ ಸಿಗುತ್ತದೆ. ಅಲ್ಲಿ ಹೆಚ್ಚು ಬೆಲೆ ಬಂದದ್ದು ಬಾಗಿಲು ತೆರೆದರೆ ಕಾಣುವ ನೋಟಕ್ಕೆ. ಆ ನೋಟವನ್ನು ಆ ಹೊಲ ಬೆಳೆದದ್ದಲ್ಲ. ಬಂಡೆಗಳನ್ನು ಕಾಲ ಕಡೆದಿದೆ, ಹೊಳೆ ಎಲ್ಲಿಂದಲೋ ಬರುತ್ತದೆ, ಎದುರಿನ ಗೋಪುರವನ್ನು ಹೆಸರಿಲ್ಲದ ಸಾವಿರಾರು ಕಲ್ಲುಕುಟಿಗರು ಕಟ್ಟಿದ್ದಾರೆ. ಹೊಲದ ಪಟ್ಟಾ ನೋಟದ ಪಟ್ಟಾ ಅಲ್ಲ. ಎಲ್ಲರಿಗೂ ಸೇರಿದ್ದನ್ನು ಮುಂದಿಟ್ಟುಕೊಂಡು ಗಳಿಸುವವರಿಗೆ ಎಲ್ಲರ ಋಣವೂ ಇರುತ್ತದೆ.

ಈ ಮಾತನ್ನು ಒಪ್ಪಿದರೆ ಅದನ್ನು ಅರ್ಧಕ್ಕೆ ನಿಲ್ಲಿಸಲಾಗದು. ಗುಡಿಸಲಿನ ರೆಸಾರ್ಟ್ ಕಾಸು ಕೊಟ್ಟ ಯಾರಿಗಾದರೂ ಬಾಗಿಲು ತೆರೆಯುತ್ತಿತ್ತು. ಅದರಿಂದ ಅಡುಗೆಯವರಿಗೆ, ಹರಿಗೋಲು ಹಾಕುವವರಿಗೆ, ಸೈಕಲ್ ಬಾಡಿಗೆ ಕೊಡುವವರಿಗೆ ನಾಲ್ಕು ಕಾಸು ಸಿಗುತ್ತಿತ್ತು. ಒಬ್ಬರ ಸ್ವಂತ ರಜೆಯ ಮನೆ ಅದೇ ನೋಟವನ್ನು ತೆಗೆದುಕೊಂಡು ಯಾರಿಗೂ ತೆರೆಯುವುದಿಲ್ಲ, ಕಾವಲುಗಾರನೊಬ್ಬನನ್ನು ಬಿಟ್ಟರೆ ಯಾರಿಗೂ ಕೆಲಸ ಕೊಡುವುದಿಲ್ಲ. ಬಡವರ ಗುಡಿಸಲಿಗೆ ಅನ್ವಯಿಸುವ ಅಳತೆ ಉಳ್ಳವರ ಬಂಗಲೆಗೆ ಇನ್ನೂ ಬಿಗಿಯಾಗಿ ಅನ್ವಯಿಸಬೇಕು.

ಇನ್ನು ಕೆರೆಯ ವಿಷಯ. ಸಾಣಾಪುರದ ನೀರನ್ನು ನೋಡಿ ಪ್ರಕೃತಿಯ ಕೊಡುಗೆ ಎಂದು ಉದ್ಗರಿಸುವವರು ಬಹಳ. ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತ ಆ ಅಣೆಕಟ್ಟಿಗಾಗಿ ಎಷ್ಟೋ ಹಳ್ಳಿಗಳು ಮುಳುಗಿದವು. ಅಲ್ಲಿನವರು ತಮ್ಮ ಮನೆಯ ಜಂತಿ, ಬಾಗಿಲು ಬಿಚ್ಚಿಕೊಂಡು ಬೇರೆ ಕಡೆ ಹೋಗಬೇಕಾಯಿತು. ಕೆರೆಯಲ್ಲಿ ಹೊಳೆಯುವ ನೀರು ಗಂಗಾವತಿ, ಸಿಂಧನೂರು, ರಾಯಚೂರಿನ ಗದ್ದೆಗಳಿಗೆ ಹೊರಟದ್ದು. ಕಾಲುವೆಯ ಕೊನೆಯ ಭಾಗದ ರೈತರು ನೀರು ಬರಲಿಲ್ಲವೆಂದು ರಸ್ತೆಗೆ ಇಳಿಯುವ ಸುದ್ದಿ ನಮಗೆ ಹೊಸದಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದ ಮನೆಮನೆಯಲ್ಲೂ ಅದೇ ಮಾತು. ಮನೆಯವರೇ ಆಸ್ಪತ್ರೆ ಸೇರಿದಂತೆ ಜನ ವಿಚಾರಿಸುತ್ತಿದ್ದರು. ನೀರಿನ ಜತೆಗಿನ ಸಂಬಂಧ ಎಂದರೆ ಅದು. ಕಿಟಕಿಯಿಂದ ನೋಡುವವರಿಗೆ ನೀರು ತುಂಬಿದ್ದರೆ ಚೆಂದ, ಇಳಿದರೆ ಬೇಸರ, ಅಷ್ಟೇ.

ಕೆರೆಯ ದಂಡೆಯ ಮರದ ಮನೆ ಎಂದಾಗ ಓದಿದವರ ಮನಸ್ಸಿಗೆ ಬರುವುದು ಹೆನ್ರಿ ಡೇವಿಡ್ ಥೋರೋ. 1845ರ ಜುಲೈ 4ರಂದು ಅಮೆರಿಕದ ವಾಲ್ಡನ್ ಕೊಳದ ಬಳಿಯ ತನ್ನ ಮನೆಗೆ ಹೋದ, ಎರಡು ವರ್ಷ ಎರಡು ತಿಂಗಳು ಇದ್ದ. ಹತ್ತಡಿ ಅಗಲ, ಹದಿನೈದಡಿ ಉದ್ದದ ಮನೆ; ಖರ್ಚು 28 ಡಾಲರ್ 12½ ಸೆಂಟ್ ಎಂದು ತಾನೇ ಲೆಕ್ಕ ಬರೆದಿಟ್ಟ. ಅವನ ಹೆಸರು ಹೇಳಿ ರಜೆಯ ಮನೆ ಕಟ್ಟುವವರು ಕೆಲವನ್ನು ಮರೆಯುತ್ತಾರೆ. ಆ ಜಾಗ ಅವನದಲ್ಲ, ಗೆಳೆಯ ಎಮರ್ಸನ್‌ನದು. ಅವನು ಅಲ್ಲಿ ರಜೆಗೆ ಹೋದವನಲ್ಲ, ಅವರೆ ಬಿತ್ತಿ ಬದುಕಿದವನು. ಸಾಕೆನಿಸಿದಾಗ ಬೀಗ ಹಾಕಿಟ್ಟುಕೊಳ್ಳದೆ ಬಿಟ್ಟು ಬಂದ.

ಆದರೆ ಅವನ ಲೆಕ್ಕದಲ್ಲೂ ಒಂದು ಸಾಲು ಚುಚ್ಚುತ್ತದೆ. ಗೋಡೆಗೆ ಬೇಕಾದ ಹಲಗೆಗಳಿಗಾಗಿ ಅವನು ರೈಲುದಾರಿಯ ಕೆಲಸ ಮಾಡುತ್ತಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಜೋಪಡಿಯನ್ನು 4 ಡಾಲರ್ 25 ಸೆಂಟಿಗೆ ಕೊಂಡ. ಮರುದಿನ ಬೆಳಗಿನ ಜಾವ ಆ ಸಂಸಾರ ಗಂಟುಮೂಟೆ ಕಟ್ಟಿ ಹೊರಟಿತು. ದಾರಿಯಲ್ಲಿ ಎದುರಾದ ಅವರನ್ನು ಥೋರೋ ನೋಡಿದ, ನೋಡಿದ್ದನ್ನು ಬರೆದ. ಸರಳ ಬದುಕಿನ ಆ ಹೆಸರಾಂತ ಮನೆಯ ಹಲಗೆಗಳು ಒಂದು ಗುಳೆಯ ಸಂಸಾರ ಬಿಟ್ಟುಹೋದ ಮನೆಯವು.

ಈಗ ಎರಡು ಬೀಗಗಳಿಗೆ ಮರಳಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟು ಕಟ್ಟಲು ಕುಷ್ಟಗಿಯ ಸಂಸಾರ ತನ್ನ ಮನೆಗೆ ಬೀಗ ಹಾಕುತ್ತದೆ. ಆ ಅಪಾರ್ಟ್‌ಮೆಂಟಿನಲ್ಲಿ ಇದ್ದು ಉಸಿರುಗಟ್ಟಿದವರು ಕೊಪ್ಪಳದ ಸೀಮೆಗೇ ಬಂದು ನೀರಿನ ದಂಡೆಯಲ್ಲಿ ಮನೆ ಕಟ್ಟಿ ಬೀಗ ಹಾಕುವ ಕನಸು ಕಾಣುತ್ತಾರೆ. ಒಂದು ಬೀಗ ಇಲ್ಲದಿರುವುದರಿಂದ ಬಿದ್ದದ್ದು, ಇನ್ನೊಂದು ಹೆಚ್ಚಾದದ್ದರಿಂದ. ಇಬ್ಬರೂ ಕೆಟ್ಟವರಲ್ಲ, ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಹಾಗೆ ಕಾಣದೆ ಇರುವುದರಿಂದಲೇ ಈ ವ್ಯವಸ್ಥೆ ಯಾರ ಮನಸ್ಸಿಗೂ ಚುಚ್ಚದೆ ನಡೆಯುತ್ತದೆ. ನೀತಿಯ ಕೆಲಸ ಶುರುವಾಗಬೇಕಾದ್ದು ಈ ಕಾಣದಿರುವಿಕೆಯನ್ನು ಮುರಿಯುವುದರಿಂದ.

ಬೀಗವಿಲ್ಲದ ಮನೆಗಳ ಮಾದರಿಯೂ ಈ ಸೀಮೆಯಲ್ಲಿ ಕಡಿಮೆ ಇಲ್ಲ. ಆನೆಗೊಂದಿಯ ಹತ್ತಿರ ಹೊಳೆಯ ನಡುವೆ ಅರವತ್ತನಾಲ್ಕು ಕಂಬದ ಮಂಟಪವಿದೆ. ಹೊಳೆದಂಡೆಯ ಉದ್ದಕ್ಕೂ ಸಣ್ಣಪುಟ್ಟ ಮಂಟಪಗಳಿವೆ. ಕಟ್ಟಿಸಿದವರು ಶ್ರೀಮಂತರೇ, ನೋಟಕ್ಕೆ ಒಳ್ಳೆಯ ಜಾಗವನ್ನೇ ಆರಿಸಿದ್ದಾರೆ. ಆದರೆ ಬಾಗಿಲು ಇಟ್ಟಿಲ್ಲ. ಕುರಿಗಾಹಿ ಮಳೆಗೆ ನಿಲ್ಲುತ್ತಾನೆ, ಯಾತ್ರಿಕ ಮಲಗುತ್ತಾನೆ, ಬಟ್ಟೆ ಒಗೆಯಲು ಬಂದವಳು ಮಗುವನ್ನು ಮಲಗಿಸುತ್ತಾಳೆ. ಇನ್ನೂ ಹಿಂದಕ್ಕೆ ಹೋದರೆ ಗಂಗಾವತಿಯ ಸಮೀಪದ ಹಿರೇಬೆಣಕಲ್ ಗುಡ್ಡ. ಎರಡು ಸಾವಿರ ವರ್ಷಕ್ಕೂ ಹಿಂದಿನವರು ಅಲ್ಲಿ ಕಲ್ಲುಚಪ್ಪಡಿ ನಿಲ್ಲಿಸಿ ಸತ್ತವರಿಗಾಗಿ ಮನೆ ಕಟ್ಟಿದ್ದಾರೆ. ಊರವರು ಅವನ್ನು ಮೋರಿಯರ ಮನೆ ಎನ್ನುತ್ತಾರೆ. ಗುಡ್ಡದ ಮೇಲೆ ಒಂದು ಕೊಳವೂ ಇದೆ. ತಮಗಾಗಿ ಏನು ಕಟ್ಟಿಕೊಂಡರೋ ಅದು ಅಳಿದುಹೋಗಿದೆ. ಇನ್ನೊಬ್ಬರಿಗಾಗಿ ಕಟ್ಟಿದ್ದು ನಿಂತಿದೆ.

ಹಾಗಾದರೆ ಯಾರೂ ಕೆರೆಯ ದಂಡೆಯಲ್ಲಿ ಮನೆ ಕಟ್ಟಬಾರದೇ? ಕಟ್ಟಬಾರದೆಂಬ ನಿಯಮ ನನ್ನ ವಾದದಿಂದ ಹೊರಡುವುದಿಲ್ಲ. ದಂಡೆಯ ದಾರಿ ಮುಚ್ಚದಂತೆ ಕಟ್ಟಬಹುದು. ನಾಲ್ಕು ಸಂಸಾರ ಸೇರಿ ಒಂದು ಮನೆ ಕಟ್ಟಿ ಸರದಿಯ ಮೇಲೆ ಬರಬಹುದು. ಇಲ್ಲದ ತಿಂಗಳುಗಳಲ್ಲಿ ಊರಿನ ಮಕ್ಕಳ ಓದಿಗೋ, ದಾರಿಹೋಕರಿಗೋ ಬಿಟ್ಟುಕೊಡಬಹುದು. ದಿಮ್ಮಿಗಳನ್ನು ದೂರದ ಕಾಡಿನಿಂದ ತರಿಸುವ ಬದಲು ಇಲ್ಲಿನ ಮಾಳಿಗೆ ಮನೆಯಿಂದ ಕಲಿಯಬಹುದು: ಕಲ್ಲು, ಮಣ್ಣು, ಎಣಿಸಿ ಹಾಕಿದ ಜಂತಿ, ನೆತ್ತಿಯಲ್ಲೊಂದು ಬೆಳಕಿಂಡಿ. ನಲವತ್ತು ಡಿಗ್ರಿಯ ಬಿಸಿಲಿಗೆ ಅದೇ ತಂಪು. ಇವು ಯಾವುವೂ ಆಸೆಯನ್ನು ಕೊಲ್ಲುವುದಿಲ್ಲ, ಬೀಗವನ್ನಷ್ಟೇ ಸಡಿಲಿಸುತ್ತವೆ.

ಇದನ್ನು ಓದುವವರಲ್ಲಿ ಗುಳೆ ಹೋದವರ ಮಕ್ಕಳೂ ಇರುತ್ತೀರಿ. ಅಜ್ಜಿಯ ಹತ್ತಿರ ಉಳಿದು, ಹಾಸ್ಟೆಲಿನಲ್ಲಿ ಓದಿ, ಕೊಪ್ಪಳಕ್ಕೋ ಧಾರವಾಡಕ್ಕೋ ಬಂದವರು. ನಿಮಗೆ ನೌಕರಿ ಸಿಗಬೇಕು, ಕೈಯಲ್ಲಿ ನಾಲ್ಕು ದುಡ್ಡು ಓಡಾಡಬೇಕು. ಒಂದು ದಿನ ನಿಮಗೂ ನೀರಿನ ದಂಡೆಯ ಮನೆಯ ಆಸೆ ಬರಬಹುದು, ಬರಲಿ. ಅದಕ್ಕೆ ಮುಂಗಡ ಕೊಡುವ ಮೊದಲು ಒಂದು ಲೆಕ್ಕ ಹಾಕಿನೋಡಿ: ನಿಮ್ಮ ಓಣಿಯಲ್ಲಿ ಎಷ್ಟು ಮನೆಗಳ ಬಾಗಿಲಿಗೆ ಇನ್ನೂ ಬೀಗವಿದೆ, ಆ ದುಡ್ಡಿನಲ್ಲಿ ಅವುಗಳಲ್ಲಿ ಎಷ್ಟನ್ನು ತೆರೆಯಬಹುದು.