ಯಾತ್ರೆಯೋ, ವಿಹಾರವೋ?

ಚಾಮುಂಡಿಬೆಟ್ಟದ ಸುಮಾರು 1,000 ಮೆಟ್ಟಿಲುಗಳಲ್ಲಿ 700ರ ಹತ್ತಿರ ಒಂದೇ ಕಲ್ಲಿನ ದೊಡ್ಡ ನಂದಿ ಇದೆ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ್ದು. ಅಲ್ಲಿ ಗಂಡ-ಹೆಂಡತಿ ಕೂತು ಚುರುಮುರಿ ತಿನ್ನುತ್ತಾ ಮೈಸೂರು ನೋಡುತ್ತಿರುತ್ತಾರೆ. ಇದು ಭಕ್ತಿಯೇ ಎಂದು ಕೆಲವರು ಗೊಣಗುತ್ತಾರೆ. ನಾನೂ ಗೊಣಗಿದವನೇ.

ಮದುವೆಯಲ್ಲಿ ‘ನಾತಿಚರಾಮಿ’ ಅಂದವರು ನಾವು. ಧರ್ಮ, ಅರ್ಥ, ಕಾಮ ಮೂರರಲ್ಲೂ ನಿನ್ನನ್ನು ಮೀರಿ ನಡೆಯೆನು ಅಂತ. ಹಾಗಾದರೆ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಗಳಿಸಿದ ಪುಣ್ಯ ಎಂಥದ್ದು? ನಮ್ಮ ಮನೆಯವಳು ಎಷ್ಟೋ ಸಲ ಕೇಳಿದ್ದಳು, “ಒಂದ್ಸಲ ಜೊತೇಲಿ ಮೆಟ್ಟಿಲು ಹತ್ತೋಣ ರೀ.” ಆಷಾಢ ಶುಕ್ರವಾರ, ದಸರಾ, ಭಾನುವಾರ, ಯಾವಾಗಲೂ ನನಗೆ ರಸೀದಿ ಬರೆಯುವ ಡ್ಯೂಟಿ. ಈಗ ಅವಳಿಗೆ ಮಂಡಿನೋವು.

ಹೋದ ಕಾರ್ತಿಕದಲ್ಲಿ ರಜೆ ಹಾಕಿ ಆಟೋದಲ್ಲಿ ನಂದಿ ತನಕ ಕರೆತಂದೆ. ಹತ್ತು ಮೆಟ್ಟಿಲು ಹತ್ತಿ ಕೂತೆವು. ಕಡ್ಲೆಕಾಯಿ ಸುಲಿದು ನನ್ನ ಕೈಗಿಟ್ಟಳು. ಅವತ್ತು ಗುಡಿಗೆ ಹೋಗಲೇ ಇಲ್ಲ.