ಮಕ್ಕಳು ಬಚ್ಚಿಟ್ಟ ತಲಾಂತು



ಮತ್ತಾಯನು ಬರೆದ ಸುವಾರ್ತೆಯ ೨೫ನೆಯ ಅಧ್ಯಾಯದಲ್ಲಿರುವ ತಲಾಂತುಗಳ ಸಾಮ್ಯವನ್ನು ನಾವೆಲ್ಲರೂ ಅನೇಕ ಸಾರಿ ಕೇಳಿದ್ದೇವೆ. ತಲಾಂತೆಂಬದು ಮೊದಲು ತೂಕದ ಹೆಸರು, ಆ ಮೇಲೆ ಹಣದ ಹೆಸರು. ಒಂದು ತಲಾಂತೆಂದರೆ ಆ ಕಾಲದ ಕೂಲಿಯವನಿಗೆ ಸುಮಾರು ೬೦೦೦ ದಿನಗಳ ಕೂಲಿ. ಆದಕಾರಣ ಒಂದನ್ನೇ ಹೊಂದಿದವನು ಸಹ ಅಲ್ಪವಾದದ್ದನ್ನು ಹೊಂದಲಿಲ್ಲ. ಹುಟ್ಟಿನಿಂದ ಬಂದ ಜಾಣ್ಮೆಗೆ ಇಂಗ್ಲಿಷಿನವರು ಟ್ಯಾಲೆಂಟ್ ಎಂದು ಹೆಸರಿಟ್ಟದ್ದು ಈ ಸಾಮ್ಯದಿಂದಲೇ. ಹೀಗಿರಲಾಗಿ, ಶಾಲೆಗಳಲ್ಲಿ ಟ್ಯಾಲೆಂಟ್ ಷೋ ಎಂದು ನಡೆಯುವ ಮಕ್ಕಳ ಪ್ರತಿಭಾ ಪ್ರದರ್ಶನದ ವಿಷಯವಾಗಿ ಸಭೆಯಲ್ಲಿ ಮಾತಾಡುವದು ಅಸಂಗತವಲ್ಲ.

ಕೆರೆಯೂ ಹೊಲಗಳೂ ಇದ್ದ ನಮ್ಮ ದೊಡ್ಡನೆಕ್ಕುಂದಿಯು ೨೦೦೭ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರಿತು. ಈಗ ಎತ್ತರವಾದ ವಸತಿಗೃಹಗಳೂ, ಅಂಥವುಗಳನ್ನು ಕಟ್ಟುವದಕ್ಕಾಗಿ ರಾಯಚೂರು ಕಲಬುರಗಿ ಸೀಮೆಗಳಿಂದ ಬಂದವರ ತಗಡಿನ ಮನೆಗಳೂ ನೆರೆಹೊರೆಯಾಗಿವೆ. ಪ್ರದರ್ಶನದ ದಿನವು ಹತ್ತಿರವಾದಾಗ ಒಂದು ಮನೆಯ ಮಗುವಿಗೆ ನೃತ್ಯ ಕಲಿಸುವ ಮೇಷ್ಟ್ರು ಬರುತ್ತಾರೆ, ಬಾಡಿಗೆಯ ವೇಷ ಬರುತ್ತದೆ. ಇನ್ನೊಂದು ಮನೆಯ ಹುಡುಗಿಯು ತನಗೇನೂ ಬಾರದೆಂದು ಹೇಳಿ ಹಿಂದಿನ ಬೆಂಚಿನಲ್ಲಿ ತಲೆ ಬೊಗ್ಗಿಸಿ ಕುಳಿತುಕೊಳ್ಳುತ್ತಾಳೆ. ಬಾರದೆಂಬದು ನಿಜವೋ? ತಾಯಿಯು ಇಟ್ಟಿಗೆ ಹೊರುತ್ತಿರುವಾಗ ತಮ್ಮನನ್ನು ಹಾಡಿ ಮಲಗಿಸುವವಳು ಇವಳೇ ಅಲ್ಲವೇ?

ಆ ಮೂರನೆಯ ಆಳು ತಲಾಂತನ್ನು ಯಾಕೆ ಬಚ್ಚಿಟ್ಟನು? ಯಜಮಾನನು ಕಠಿಣನೆಂದೆಣಿಸಿ ಹೆದರಿದೆನೆಂದು ಅವನೇ ಹೇಳುತ್ತಾನೆ. ಯಜಮಾನನು ಅವನನ್ನು ಮೈಗಳ್ಳನೆಂದು ಗದರಿಸಿದ್ದನ್ನು ನಾವು ಮರೆಮಾಡುವದಿಲ್ಲ. ಆದರೆ ನಮ್ಮ ಹುಡುಗಿಯು ಮೈಗಳ್ಳಿಯಲ್ಲ. ಅವಳ ಹೆದರಿಕೆಗೆ ಕಾರಣವುಂಟು. ಅವಳ ಸೀಮೆಯ ಮಾತಿನ ಧಾಟಿಯನ್ನು ಕೇಳಿ ನಗುವವರು ಎದುರಿನ ಕುರ್ಚಿಗಳಲ್ಲಿ ಕುಳಿತಿದ್ದಾರೆ. ಆ ಕುರ್ಚಿಗಳಲ್ಲಿ ನಮ್ಮ ಸಭೆಯವರೂ ಇರುತ್ತಾರೆ.

ನಮ್ಮ ರಾಜ್ಯದ ಶಿಕ್ಷಣ ಇಲಾಖೆಯವರು ನಡಿಸುವ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಕಥೆ ಹೇಳುವದು, ಮಣ್ಣಿನ ಗೊಂಬೆ ಮಾಡುವದು, ಜನಪದ ಗೀತೆ, ಛದ್ಮವೇಷ ಇವೆಲ್ಲಕ್ಕೂ ಸ್ಥಳವುಂಟು. ಅಜ್ಜಿಯ ಕಥೆಗೆ ಬಾಡಿಗೆ ಕೊಡಬೇಕೇ? ಹೀಗಿರುವ ಮಾದರಿಯನ್ನು ಯಾವ ಶಾಲೆಯವರೂ ಅನುಸರಿಸಬಹುದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ತಂದೆತಾಯಿಗಳೂ ಪೋಷಕರೂ ಆಗಿರಬೇಕೆಂತಲೂ, ಒಟ್ಟು ಸದಸ್ಯರಲ್ಲಿ ಅರ್ಧ ಮಂದಿ ಸ್ತ್ರೀಯರಾಗಿರಬೇಕೆಂತಲೂ ವಿಧಿಸಿದೆ. ಬಾಗಲು ತೆರೆದಿದೆ. ಆದರೆ ಕೂಲಿಯವನು ಒಂದು ದಿನ ಶಾಲೆಗೆ ಬಂದರೆ ಆ ದಿನದ ಅನ್ನ ಹೋಯಿತು. ಅವನು ಬರಲಿಲ್ಲವೆಂದು ದೂರುವದಕ್ಕಿಂತ, ಬಿಡುವುಳ್ಳ ತಂದೆತಾಯಿಗಳು ಅವನ ಮಗುವಿಗೂ ತಂದೆತಾಯಿಗಳಂತೆ ನಿಲ್ಲುವದು ಕ್ರೈಸ್ತರಿಗೆ ತಕ್ಕದ್ದು.

ವಿಮೋಚನಕಾಂಡದ ೩೫ನೆಯ ಅಧ್ಯಾಯವನ್ನು ನೋಡಿರಿ. ಬೆಚಲೇಲನ ಹೆಸರೂ ಒಹೊಲೀಯಾಬನ ಹೆಸರೂ ಅಲ್ಲಿ ಇವೆ. ಆಡಿನ ಕೂದಲನ್ನು ನೂತ ಸ್ತ್ರೀಯರ ಹೆಸರುಗಳಿಲ್ಲ. ಆದಾಗ್ಯೂ ದೇವದರ್ಶನದ ಗುಡಾರದ ಮೇಲೆ ಹೊದಿಸಿದ್ದು ಅಂಥ ಕೂದಲಿನ ಬಟ್ಟೆಯನ್ನೇ. ಪರದೆ ಹೊಲಿಯುವವರೂ, ಕುರ್ಚಿ ಹೊರುವವರೂ, ಮಕ್ಕಳಿಗೆ ನೀರು ಕೊಡುವವರೂ ಇದನ್ನು ನೆನಸಿಕೊಳ್ಳಲಿ.

ಒಂದು ಎಚ್ಚರಿಕೆಯೂ ಉಂಟು. ಜೆಬೆದಾಯನ ಹೆಂಡತಿಯು ಕರ್ತನಿಗೆ ಅಡ್ಡಬಿದ್ದು ತನ್ನ ಮಕ್ಕಳಲ್ಲಿ ಒಬ್ಬನಿಗೆ ಬಲಗಡೆಯನ್ನೂ ಒಬ್ಬನಿಗೆ ಎಡಗಡೆಯನ್ನೂ ಬೇಡಿದಳು. ಪಾಪ, ತಾಯಿಯಲ್ಲವೇ! ಆದರೂ ಮಿಕ್ಕ ಹತ್ತು ಮಂದಿಗೆ ಸಿಟ್ಟುಬಂತು. ಶಾಲೆಯ ಸೇವೆಗೆ ಬಂದ ತಾಯಂದಿರು ತಮ್ಮ ಮಗುವಿಗೆ ಮೊದಲನೆಯ ಸರದಿಯನ್ನು ಕೇಳಲಾರಂಭಿಸಿದರೆ ಆ ಸಿಟ್ಟು ದೊಡ್ಡನೆಕ್ಕುಂದಿಯಲ್ಲಿಯೂ ಬಂದೀತು. ಸ್ಪರ್ಧೆಗೆ ನಿಂತ ಮಗುವಿನ ತಂದೆತಾಯಿಗಳು ತೀರ್ಪುಗಾರರಾಗದಿರಲಿ, ಸರದಿಯ ಪಟ್ಟಿಯನ್ನು ಉಪಾಧ್ಯಾಯರೇ ಬರೆಯಲಿ.

ನಮ್ಮ ಸಭೆಯಲ್ಲಿ ಹೊಲಿಗೆ ಬಲ್ಲವರೂ ರಾಗ ಬಲ್ಲವರೂ ಇದ್ದಾರೆ. ಅವರಲ್ಲಿ ಕೆಲವರು ಈ ವಾರವೇ ಮುಖ್ಯೋಪಾಧ್ಯಾಯರನ್ನು ಕಂಡು, ಪಟ್ಟಿಯಲ್ಲಿ ಇನ್ನೂ ಹೆಸರು ಕೊಡದ ಮಕ್ಕಳು ಯಾರೆಂದು ಕೇಳಿಕೊಂಡು ಬರಲಿ. ಭಾನುವಾರ ಆರಾಧನೆ ಮುಗಿದ ಮೇಲೆ ತಗಡಿನ ಮನೆಗಳ ಕಡೆಗೆ ಹೋದರೆ ಆ ಮಕ್ಕಳ ತಂದೆತಾಯಿಗಳೂ ಸಿಕ್ಕಾರು.