ಜಗಳದ ಕಥೆಯಲ್ಲಿ ನಿಮ್ಮ ತಪ್ಪೆಲ್ಲಿ?

ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಗೆಳೆಯನಾಡಿದ ಒಂದು ಮಾತು ನಿಮಗೆ ನಾಟಿತು. ನೀವೂ ಖಾರವಾಗಿ ಎರಡು ಮಾತಾಡಿದಿರಿ. ಮಾತುಕತೆ ನಿಂತಿತು, ಸಲಾಮ್ ಕೂಡ ನಿಂತಿತು. ಮರುದಿನ ನೀವು ಇಬ್ಬರಿಗೂ ಬೇಕಾದ ಇನ್ನೊಬ್ಬ ಗೆಳೆಯನ ಮನೆಗೆ ಹೋಗುತ್ತೀರಿ. "ನೀನೇ ಹೇಳು, ನನ್ನದೇನು ತಪ್ಪು?" ಎನ್ನುತ್ತೀರಿ. ಅವನಾಡಿದ ಮಾತು ಅಕ್ಷರ ಬಿಡದೆ ನೆನಪಿದೆ. ನೀವು ಆಡಿದ್ದು ಮಾತ್ರ 'ಏನೋ ಒಂದು ಮಾತು.'

ಇದು ಸಂಧಾನದ ಪ್ರಯತ್ನವೇ, ಪರದೂಷಣೆಯೇ?

ಅನ್ಯಾಯಕ್ಕೊಳಗಾದವನು ನ್ಯಾಯ ದೊರಕಿಸಬಲ್ಲವರ ಬಳಿ ದೂರಿಕೊಳ್ಳುವುದು ತಪ್ಪಲ್ಲ. ಇಮಾಮ್ ನವವಿ(ರ) 'ರಿಯಾಝುಸ್ಸಾಲಿಹೀನ್' ಗ್ರಂಥದಲ್ಲಿ ಇನ್ನೊಬ್ಬರ ದೋಷ ಹೇಳಲು ಅನುಮತಿಯಿರುವ 6 ಸಂದರ್ಭಗಳನ್ನು ಎಣಿಸಿದ್ದು, ಇದೂ ಅವುಗಳಲ್ಲೊಂದು. ಆದರೆ ಅಭಿಮಾನಕ್ಕೆ ಪೆಟ್ಟು ಬಿದ್ದಾಗ ನಾವು ಹುಡುಕುವುದು ಪರಿಹಾರವನ್ನಲ್ಲ, ನಮ್ಮ ಪಕ್ಷ ವಹಿಸುವವರನ್ನು.

ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಉಮರ್(ರ)ರ ನಡುವೆಯೂ ಒಮ್ಮೆ ಮನಸ್ತಾಪವಾಯಿತು. ಸಹೀಹ್ ಬುಖಾರಿಯಲ್ಲಿ ಈ ಘಟನೆಯಿದೆ. ಅಬೂಬಕರ್(ರ) ಪ್ರವಾದಿ(ಸ)ರ ಬಳಿಗೆ ಬಂದರು. ತಾನೇ ದುಡುಕಿದೆ, ಆಮೇಲೆ ಪಶ್ಚಾತ್ತಾಪವಾಯಿತು, ಕ್ಷಮೆ ಕೇಳಿದೆ, ಅವರು ಒಪ್ಪಲಿಲ್ಲ ಎಂದಷ್ಟೇ ತಿಳಿಸಿದರು. ಉಮರ್(ರ) ಏನೆಂದರು ಎಂಬುದು ಆ ನಿವೇದನೆಯಲ್ಲಿ ಇಲ್ಲವೇ ಇಲ್ಲ!

ಅತ್ತ ಉಮರ್(ರ)ರಿಗೂ ಪಶ್ಚಾತ್ತಾಪವಾಯಿತು. ಅಬೂಬಕರ್(ರ)ರನ್ನು ಅವರ ಮನೆಯಲ್ಲಿ ಹುಡುಕಿ, ಸಿಗದಿದ್ದಾಗ ಪ್ರವಾದಿ(ಸ)ರ ಸನ್ನಿಧಿಗೆ ಬಂದರು. ಪ್ರವಾದಿವರ್ಯರ(ಸ) ಮುಖಭಾವ ಬದಲಾಯಿತು. ಅದನ್ನು ಕಂಡು ಅಬೂಬಕರ್(ರ) ಸಂತಸಪಡಲಿಲ್ಲ, ಭಯಪಟ್ಟರು. ಮೊಣಕಾಲೂರಿ, ಹೆಚ್ಚು ತಪ್ಪು ತನ್ನದೇ ಎಂದು ಅಲ್ಲಾಹನಾಣೆ ಹಾಕಿ ಎರಡು ಬಾರಿ ಹೇಳಿದರು. ತನ್ನ ಪರವಾಗಿ ಕೋಪಗೊಂಡವರ ಮುಂದೆ ಅವರು ಎದುರಾಳಿಯ ವಕೀಲರಾದರು.

ನಮ್ಮ ಸ್ಥಿತಿಯೇನು? ಗೆಳೆಯ "ಹೌದು, ಅವನು ಹಾಗೆ ಮಾಡಬಾರದಿತ್ತು" ಎಂದೊಡನೆ ಎದೆ ತಂಪಾಗುತ್ತದೆ. ಅವನ ಹಳೆಯ ತಪ್ಪುಗಳನ್ನೂ ಕೆದಕತೊಡಗುತ್ತೇವೆ. ಹೀಗೆ ಒಂದು ಸ್ನೇಹ ಮುರಿದದ್ದು ಸಾಲದೆಂಬಂತೆ ಇನ್ನೊಂದನ್ನೂ ಕೆಡಿಸುತ್ತೇವೆ. ಪರದೂಷಣೆಯನ್ನು ಪವಿತ್ರ ಕುರ್‌ಆನ್ ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ (49:12).

ಆದ್ದರಿಂದ ಪ್ರಿಯ ಓದುಗರೇ, ಮೂರನೆಯವರ ಬಾಗಿಲು ತಟ್ಟುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ: ಅವನು ಪಕ್ಕದಲ್ಲೇ ಕುಳಿತಿದ್ದರೆ ಈ ಕಥೆಯನ್ನು ಹೀಗೆಯೇ ಹೇಳುತ್ತಿದ್ದೆನೇ? ಇಲ್ಲವೆಂದಾದರೆ ಕಥೆಯನ್ನು ನಿಮ್ಮ ತಪ್ಪಿನಿಂದ ಆರಂಭಿಸಿರಿ. ಕೇಳುವ ಗೆಳೆಯನೂ "ನೀನು ಏನೆಂದೆ?" ಎಂದು ಮೊದಲು ಕೇಳಲಿ. ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಸಮ್ಮತವಲ್ಲವೆಂದೂ, ಸಲಾಮ್‌ನಿಂದ ಆರಂಭಿಸುವವನೇ ಉತ್ತಮನೆಂದೂ ಪ್ರವಾದಿ(ಸ) ಕಲಿಸಿರುವರು. ಆ ಸಲಾಮ್ ನಿಮ್ಮದಾಗಲಿ.